ಆಯೇರಿಗೆ ಬಂದ ಪ್ರೊಸೆಸರ್

ನನ್ನ ಮದುವೆಗೆ ಬಂದ ಆಯೇರಿ ಸೀರೆಗಳಲ್ಲಿ ಮನಸ್ಸಿಗೆ ಒಪ್ಪಿದ್ದು ಒಂದೂ ಇರಲಿಲ್ಲ. ಆಯೇರಿ ಎಂದರೆ ಮದುವೆಮನೆಗೆ ಬಂಧುಬಳಗದವರು ತರುವ ಉಡುಗೊರೆ, ಹೆಚ್ಚಾಗಿ ಬಟ್ಟೆಬರೆ. ಹಂದರದಲ್ಲಿ ಒಬ್ಬರು ಮೈಕು ಹಿಡಿದು ನಿಂತು, ಯಾರು ಯಾರಿಗೆ ಏನು ಕೊಟ್ಟರೆಂದು ಕೂಗುತ್ತಾರೆ. ಒಮ್ಮೆ ಕೂಗಿದರೆ ಮುಗಿಯಿತು, ಅದನ್ನು ಕೊಟ್ಟವರಿಗೆ ತಿರುಗಿ ಕೊಡುವಂತಿಲ್ಲ. ಕೊಟ್ಟರೆ ಆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಹಾಗೆ ಮಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬಳಗದಲ್ಲೇ ಇದ್ದಾರೆ. ಹಾಗಾಗಿ ಬೇಡವಾದ ಸೀರೆ ಟ್ರಂಕು ಸೇರುತ್ತದೆ, ಅಲ್ಲಿಂದ ಸದ್ದಿಲ್ಲದೆ ಇನ್ನೊಬ್ಬರ ಮದುವೆಗೆ ಹೋಗುತ್ತದೆ. ನನ್ನ ಗಂಡನ ಚಿಕ್ಕಪ್ಪ ಬಂಡೆಪ್ಪ ಕಾಕಾ ನನಗೆ ಕೊಟ್ಟಿದ್ದ ಗಿಳಿಹಸಿರು ಸೀರೆಯನ್ನು ನಾನೂ ಹಾಗೇ ಗುಡೂರಿನ ಒಂದು ಮದುವೆಗೆ ಸಾಗಿಸಿದ್ದೆ. ಈ ವರ್ಷ ನನ್ನ ಮೈದುನನ ಮದುವೆಯಲ್ಲಿ ಅದು ಊರೂರು ತಿರುಗಿ ನನಗೇ ಬಂತು. ಸೆರಗಿಗೆ ನಾನೇ ಕಟ್ಟಿದ ಕುಚ್ಚು ಹಾಗೇ ಇತ್ತು. ನಗಬೇಕೋ ಅಳಬೇಕೋ ತಿಳಿಯದೆ, ಕೊಟ್ಟವರ ಕಾಲಿಗೆ ನಮಸ್ಕಾರ ಮಾಡಿ ಎದ್ದೆ.

ಇಂಥ ಬಳಗಕ್ಕೆ ಕಾಲಿಡುವ ಮೊದಲೇ ಒಬ್ಬಳು ತನಗೆ ಸೀರೆ ಬೇಡ ಎಂದಳು. ಅವಳೇ ಶಿವಗಂಗಾ, ನನ್ನ ಮೈದುನ ಪ್ರವೀಣಕುಮಾರನ ಹೆಂಡತಿ. ನಮ್ಮದು ಹುನಗುಂದ, ಅವಳ ತವರು ಇಳಕಲ್. ಅವಳ ಅಪ್ಪ ಕಲ್ಲಿನ ಲಾರಿ ಓಡಿಸುತ್ತಿದ್ದವರು. ಮಗಳು ಲಾರಿ ಓಡಿಸುವುದು ಮೊಬೈಲಿನಲ್ಲಿ. ಅದೊಂದು ಆಟ. ಯಾವುದೋ ದೂರದೇಶದ ಹಿಮದ ರಸ್ತೆಯಲ್ಲಿ ಸರಕು ಹೇರಿಕೊಂಡು ಹೋಗಬೇಕು. ಅವಳು ಓಡಿಸುತ್ತ ಮಾತಾಡುತ್ತಾಳೆ, ಜನ ತಮ್ಮ ತಮ್ಮ ಫೋನಿನಲ್ಲಿ ಅದೇ ಹೊತ್ತಿಗೆ ನೋಡುತ್ತಾರೆ. ಅದಕ್ಕೆ ಲೈವ್ ಎನ್ನುತ್ತಾರೆ. ಎದುರಿಗೆ ನುಗ್ಗಿ ಬಂದ ಪರದೇಶದ ಬಸ್ಸಿಗೆ ಅವಳು ಅಪ್ಪನ ಧಾಟಿಯಲ್ಲಿ ಬೈಯುವುದನ್ನು ಕೇಳಲು ಗದಗ, ಕೊಪ್ಪಳದಿಂದ ಹಿಡಿದು ದುಬೈಯಲ್ಲಿರುವ ನಮ್ಮ ಕಡೆಯ ಹುಡುಗರವರೆಗೆ ಕಾದು ಕೂಡುತ್ತಾರಂತೆ. ಮೊದಲ ಸಲ ಕೇಳಿದಾಗ ನನಗೆ ಇದೇನು ಹುಚ್ಚು ಎನಿಸಿತು. ಎರಡನೇ ಸಲ ಕೇಳುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ಅವಳ ಮಾತು ಒಂದು ಗೇಮ್ ಕಂಪನಿಯವರ ಕಿವಿಗೂ ಬಿದ್ದಿತ್ತು. ಮದುವೆಯ ನಂತರದ ಮೂರು ತಿಂಗಳು ಕಂಪ್ಯೂಟರಿನಿಂದ ತಡೆಯಿಲ್ಲದೆ ಲೈವ್ ಮಾಡಿ ತೋರಿಸಿದರೆ, ಮುಂದೆ ಅದನ್ನೇ ಸಂಬಳದ ಕೆಲಸವಾಗಿ ಕೊಡುತ್ತೇವೆ ಎಂದಿದ್ದರು. ಅವಳ ಹಳೆಯ ಮೊಬೈಲು ಕಾದ ಹಂಚಾಗಿ ನಡುದಾರಿಯಲ್ಲೇ ಆರಿಹೋಗುತ್ತಿತ್ತು. ಅದಕ್ಕೇ ಅವಳು ಕೇಳಿದ್ದು, ಆಯೇರಿಗೆ ಸೀರೆ ಬೇಡ, ಒಂದೊಂದು ಮನೆಯವರು ಕಂಪ್ಯೂಟರಿನ ಒಂದೊಂದು ಭಾಗ ಕೊಡಲಿ ಎಂದು. ಅತ್ತೆ ಸಿದ್ದವ್ವ ಇದನ್ನು ಕೇಳಿ ಬೆಚ್ಚುತ್ತಾರೆಂದು ನಾನು ನೋಡುತ್ತಲೇ ಇದ್ದೆ. ಅವರು ಬೆಚ್ಚಲಿಲ್ಲ. ಟ್ರಂಕಿನ ಮುಚ್ಚಳ ಹಾಕಲು ಅದರ ಮೇಲೆ ಹತ್ತಿ ಕೂಡಬೇಕಾಗಿದೆ, ಇನ್ನು ಸೀರೆ ಯಾರಿಗೆ ಬೇಕು ಎಂದುಬಿಟ್ಟರು. ನನ್ನ ಮದುವೆಯ ಹೊತ್ತಿಗೆ ಆ ಟ್ರಂಕಿನಲ್ಲಿ ಜಾಗ ಇತ್ತು, ಅದು ನನ್ನ ಹಣೆಬರಹ.

ಅಡ್ಡಮಾತು ಬಂದದ್ದು ಬಂಡೆಪ್ಪ ಕಾಕಾನಿಂದ. ಇವರು ನಮ್ಮ ಮಾವನವರ ತಮ್ಮ, ಬಾಗಲಕೋಟೆಯ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಮಾವನವರು ತೀರಿಕೊಂಡಾಗ ನನ್ನ ಗಂಡ ಹೈಸ್ಕೂಲಿನಲ್ಲಿದ್ದರು, ಪ್ರವೀಣ ಇನ್ನೂ ಪಾಟಿ ಹಿಡಿದು ಓಡಾಡುತ್ತಿದ್ದ. ಇಬ್ಬರನ್ನೂ ಓದಿಸಿ ದಡ ಮುಟ್ಟಿಸಿದವರು ಕಾಕಾ. ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತನ್ನು ಯಾರೂ ಮೀರುವುದಿಲ್ಲ. ಅವರು ಬೇಡ ಎನ್ನುವವರೂ ಅಲ್ಲ.

"ಮದುವಿಗೆ ಬೇಕಂದ್ರ ಕೊಡೂಣು. ಆದ್ರ ಮನಿ ಸೊಸಿ ದಿನಾ ಸಾವಿರ ಮಂದಿ ಮುಂದ ಬಾಯಿ ಮಾಡೂದು ಚೊಲೊ ಕಾಣೂದಿಲ್ಲ. ಅದನ್ನ ಮುಂದ ನೋಡಿ ಹೇಳ್ತೇನಿ," ಎಂದರು.

ಕಾಕಾ 'ನೋಡಿ ಹೇಳ್ತೇನಿ' ಎಂದರೆ ಆ ಕೆಲಸ ಮುಗಿದ ಹಾಗೆ. ಮದುವೆಯಾದ ಹೊಸದರಲ್ಲಿ ನನಗೆ ಬಾಗಲಕೋಟೆಯಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು, ಆಗಲೂ ಅವರು ಇದನ್ನೇ ಅಂದಿದ್ದರು. ಒಂಬತ್ತು ವರ್ಷವಾಯಿತು, ಇನ್ನೂ ನೋಡುತ್ತಲೇ ಇದ್ದಾರೆ. ನಾನು ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತ ಕೂತಿದ್ದೇನೆ. ಶಿವಗಂಗಾಗೆ ಇದನ್ನೆಲ್ಲ ಹೇಳಿ ಹೆದರಿಸಬೇಕೆಂದು ಒಂದು ಮನಸ್ಸು, ಬೇಡ ತಾನೇ ಅನುಭವಿಸಲಿ ಎಂದು ಇನ್ನೊಂದು. ಆ ಎರಡನೆಯ ಮನಸ್ಸು ಒಳ್ಳೆಯದಲ್ಲ, ಆದರೆ ನನ್ನದೇ.

ಭಾಗಗಳನ್ನು ಆರಿಸಲು ಬಾಗಲಕೋಟೆಯ ನವನಗರದಲ್ಲಿರುವ ರಾಜಮಹ್ಮದರ ಕಂಪ್ಯೂಟರ್ ಅಂಗಡಿಗೆ ಎರಡೂ ಕಡೆಯವರು ಹೋದೆವು. ಜವಳಿ ತರಲು ಹೋಗುವ ಹಾಗೆಯೇ, ಟಂಟಂ ಆಟೊ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ಕಾಕಾ ಮಾತ್ರ ಬರಲಿಲ್ಲ, ಅಂದು ಎಪಿಎಂಸಿಯಲ್ಲಿ ಕಡಲೆಯ ಹರಾಜು ಇತ್ತು. ಶಿವಗಂಗಾ ಎಲ್ಲವನ್ನೂ ಮೊದಲೇ ಯೋಚಿಸಿ ಬಂದಿದ್ದಳು. ಆಟ ಆಡುತ್ತಲೇ ಅದರ ಚಿತ್ರವನ್ನು ಜನರಿಗೆ ಕಳಿಸಬೇಕು, ಅಂದರೆ ಯಂತ್ರಕ್ಕೆ ಒಂದೇ ಹೊತ್ತಿಗೆ ಎರಡು ದುಡಿಮೆ. ಹಾಗೆಂದು ಎಲ್ಲವೂ ದುಬಾರಿಯದೇ ಆಗಬೇಕಿಲ್ಲ, ಒಂದಕ್ಕೊಂದು ಹೊಂದಬೇಕು ಎಂಬುದು ಅವಳ ಲೆಕ್ಕ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಖರ್ಚು ಮಾಡಬೇಕು, ಏಕೆಂದರೆ ಲೈವ್ ಕಳಿಸುವ ಭಾರವನ್ನೂ ಬಹುಮಟ್ಟಿಗೆ ಅದೇ ಹೊರುತ್ತದೆ. ಉಳಿದ ಲೆಕ್ಕವೆಲ್ಲ ಪ್ರೊಸೆಸರಿನದು, ಅದು ಹದವಾಗಿದ್ದರೆ ಸಾಕು. ಇವೆಲ್ಲವನ್ನೂ ಕೂಡಿಸುವ ಹಲಗೆ ಮದರ್‌ಬೋರ್ಡು, ಅದು ಪ್ರೊಸೆಸರಿನ ಜಾತಿಯದೇ ಇರಬೇಕು. ರಾಜಮಹ್ಮದರು ಎಲ್ಲಕ್ಕೂ ಹೂಂ ಎಂದು, ನಮ್ಮ ಕಡೆಯ ಬಿಸಿಲಿಗೆ ಗಾಳಿ ಆಡುವ ಕ್ಯಾಬಿನೆಟ್ಟು ತಗೊಳ್ಳಿ ಎಂಬುದೊಂದು ಮಾತು ಸೇರಿಸಿದರು. ಅವಳು ಅದನ್ನು ಕೂಡಲೇ ಒಪ್ಪಿದಳು.

ಆಮೇಲೆ ಯಾರು ಏನು ಕೊಡುವುದು ಎಂಬ ಮಾತು ಶುರುವಾಯಿತು, ಮತ್ತು ನನ್ನ ಬಳಗದ ಬಣ್ಣವೆಲ್ಲ ಬಯಲಾಯಿತು. ಗಾಜಿನ ಬಾಗಿಲಿನ, ಕೆಂಪು ನೀಲಿ ಬೆಳಕಿನ ಕ್ಯಾಬಿನೆಟ್ಟು ಕಂಡಿದ್ದೇ ತಡ, ಮೂವರು ಅತ್ತೆಯರು ಅದು ತಮಗೆ ತಮಗೆ ಎಂದು ಹಿಡಿದರು. ಮಾನಿಟರಿಗೆ ಇಬ್ಬರು. ಬಾದಾಮಿಯ ಗುರುಲಿಂಗವ್ವ ಅತ್ತೆ ರ್‍ಯಾಮಿಗೆ ಒಪ್ಪಿದರು, ಅದರ ಮೇಲೂ ದೀಪ ಹತ್ತುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಗ್ರಾಫಿಕ್ಸ್ ಕಾರ್ಡು ಶಿವಗಂಗಾಳ ತಂದೆತಾಯಿಯದು, ಮದರ್‌ಬೋರ್ಡು ಅವಳ ಸೋದರಮಾವ ಹೊಳಬಸಪ್ಪನವರದು. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಪವರ್ ಸಪ್ಲೈ. ಕರಿಯ ಬಣ್ಣ, ಇಟ್ಟಿಗೆಯಂಥ ಭಾರ, ದೀಪವಿಲ್ಲ, ಒಳಗೆ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನನಗೂ ನನ್ನ ಗಂಡನಿಗೂ ಹಚ್ಚಿದರು, ಮನೆಯವರೇ ತಾನೆ ಎಂದು. ನಾನು ಮುಖ ಊದಿಸಿಕೊಂಡದ್ದು ಶಿವಗಂಗಾಗೆ ಕಂಡಿರಬೇಕು.

"ಅಕ್ಕಾ, ಅಗ್ಗದ್ದು ತಗೋಬಾರದ್ದು ಅದೊಂದ ನೋಡ್ರಿ. ಅದು ಕೈಕೊಟ್ರ ಉಳದದ್ದೆಲ್ಲ ಸುಟ್ಟು ಹೋಕ್ಕೈತಿ," ಎಂದಳು.

ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ರಾಜಮಹ್ಮದರೂ ತಲೆಯಾಡಿಸಿದರು, ಆದರೆ ಅಂಗಡಿಯವರು ಮಾರುವುದಕ್ಕೆಲ್ಲ ತಲೆಯಾಡಿಸುತ್ತಾರೆ.

ಕಾಕಾ ಪ್ರೊಸೆಸರ್ ಕೊಡುವುದೆಂದು ಆಯಿತು. ಶಿವಗಂಗಾ ಅದರ ಹೆಸರು, ನಂಬರು ಎಲ್ಲ ಅವರ ಮೊಬೈಲಿಗೆ ಕಳಿಸಿದಳು. ಅವರು ಸರಿ ಎಂದು ಉತ್ತರ ಕೊಟ್ಟರು. ಆದರೆ ಮದುವೆಗೆ ಎರಡು ದಿನ ಮೊದಲು, ಹೆಣ್ಣಿನ ಕಡೆಯವರ ಗ್ರಾಫಿಕ್ಸ್ ಕಾರ್ಡು ತಮ್ಮ ಪ್ರೊಸೆಸರಿಗಿಂತ ಬೆಲೆಯುಳ್ಳದ್ದು ಎಂದು ಯಾರೋ ಅವರ ಕಿವಿಯಲ್ಲಿ ಊದಿದರು. ಗಂಡಿನ ಕಡೆಯ ಹಿರಿಯರು ಹೆಣ್ಣಿನ ಕಡೆಯವರಿಗಿಂತ ಸಣ್ಣದು ಕೊಡುವುದುಂಟೆ? ಸೀರೆಯಾದರೆ ಹೇಳಿದ್ದಕ್ಕಿಂತ ಮೇಲಿನದನ್ನು ತಂದರೆ ಯಾರೂ ಬೇಡ ಎನ್ನುವುದಿಲ್ಲ. ಕಾಕಾ ಆ ಲೆಕ್ಕದಲ್ಲೇ ಹುಬ್ಬಳ್ಳಿಗೆ ಹೋಗಿ, ಇದ್ದುದರಲ್ಲಿ ದೊಡ್ಡದು ಕೊಡು ಎಂದು ತಂದುಬಿಟ್ಟರು.

ಮದುವೆ ಕೂಡಲಸಂಗಮದಲ್ಲಿ ಆಯಿತು. ಆಯೇರಿ ಕೂಗುವವರು ಮಾನಿಟರ್, ಮೌಸು ಎಲ್ಲ ಹೇಗೋ ದಾಟಿಸಿದರು. ನನ್ನದು ಬಂದಾಗ ಡಬ್ಬಿಯನ್ನು ಹಿಂದೆ ಮುಂದೆ ತಿರುವಿ ನೋಡಿ, "ಕರೆಂಟಿನ ಒಂದು ಪೆಟಿಗಿ" ಎಂದು ಕೂಗಿದರು. ಹಂದರವೆಲ್ಲ ನಕ್ಕಿತು, ನನ್ನ ಗಂಡನೂ ನಕ್ಕರು. ಅವರಿಗೆ ಆಮೇಲೆ ಎರಡು ದಿನ ನನ್ನ ಕೈಯ ಚಹಾ ಸಿಗಲಿಲ್ಲ. ಕಾಕಾನ ಹೆಸರು ಕೂಗಿದಾಗ ಚಪ್ಪಾಳೆ ಬಿತ್ತು. ಹುಬ್ಬಳ್ಳಿಯಿಂದ ತರಿಸಿದ್ದು, ಎಲ್ಲಕ್ಕಿಂತ ದೊಡ್ಡದು ಎಂದು ಎರಡೆರಡು ಸಲ ಕೂಗಿಸಿದರು. ಬಾಸಿಂಗ ಕಟ್ಟಿಕೊಂಡು ನಿಂತ ಶಿವಗಂಗಾ ಆ ಡಬ್ಬಿ ಕೈಗೆ ಬಂದ ಕೂಡಲೇ ಅದರ ಮೇಲಿನ ಅಕ್ಷರ ಓದಿದಳು. ಅವಳ ನಗು ಮುಖದ ಮೇಲೆಯೇ ಇತ್ತು, ಆದರೆ ಕಣ್ಣು ನಗಲಿಲ್ಲ.

ಬೀಗರು ನೆಂಟರು ಚದುರಿದ ಮೇಲೆ ಡಬ್ಬಿಗಳನ್ನೆಲ್ಲ ಪಡಸಾಲೆಯಲ್ಲಿ ಹರವಿಕೊಂಡು ಕೂತೆವು. ಅವಳು ಬೋರ್ಡಿನ ನಡುವಿನ ಚೌಕವನ್ನು ತೋರಿಸಿ, ಪ್ರೊಸೆಸರ್ ಕೂಡುವ ಜಾಗ ಇದೇ, ಆದರೆ ಕಾಕಾ ತಂದದ್ದು ಬೇರೆ ಕಂಪನಿಯದು, ಇದರಲ್ಲಿ ಕೂಡುವುದೇ ಇಲ್ಲ ಎಂದಳು. ತುಸು ಒತ್ತಿ ನೋಡಿದರೆ ಎಂದು ನನ್ನ ಗಂಡ ಕೇಳಿದರು. ಒತ್ತಿದರೆ ಎರಡೂ ಹಾಳು ಎಂದಳು. ಕಾಕಾನದನ್ನೇ ಹಾಕಬೇಕಾದರೆ ಸೋದರಮಾವನ ಬೋರ್ಡನ್ನು ತೆಗೆದು ಬೇರೆ ತರಬೇಕು, ಆ ಬೋರ್ಡಿಗೆ ಗುರುಲಿಂಗವ್ವ ಅತ್ತೆಯ ರ್‍ಯಾಮೂ ಹೊಂದುವುದಿಲ್ಲ.

ಎಲ್ಲರ ಕಣ್ಣು ತನ್ನಿಂದ ತಾನೇ ಸೋದರಮಾವನ ಬೋರ್ಡಿನ ಮೇಲೆ ಹೋಯಿತು. ಹೆಣ್ಣಿನ ಕಡೆಯದ್ದಲ್ಲವೆ, ಬದಿಗಿಟ್ಟರೆ ಯಾರು ಕೇಳುತ್ತಾರೆ? ನನಗೆ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಶಿವಗಂಗಾ, ದನಿ ಏರಿಸದೆ, "ಹೇಳಿದ್ದ ತಂದವ್ರದ್ದನ್ನ ತಗದು ಹೇಳಲಾರದ್ದ ತಂದವ್ರದ್ದನ್ನ ಹಾಕೂದೇನ್ರಿ ಅತ್ತಿ?" ಎಂದು ಕೇಳಿದಳು.

ಸಿದ್ದವ್ವ ಅತ್ತೆ ಕಾಕಾನ ಡಬ್ಬಿಯನ್ನು ಸೆರಗಿನಿಂದ ಒರೆಸಿದರು. ಕಾಕಾನ ಆಯೇರಿ ತಿರುಗಿ ಕೊಡಲು ಅವರ ಕೈ ಬರುವುದಿಲ್ಲ, ಅದು ನಮಗೆಲ್ಲ ಗೊತ್ತು. ಕಾಕಾಗೆ ನೋವಾದರೆ ಅವರು ಮಾಡುವುದೂ ಗೊತ್ತು, ಶಿವಗಂಗಾಳ ಲೈವ್ ವಿಷಯವನ್ನು ನೋಡಿ ಹೇಳಿಬಿಡುತ್ತಾರೆ. ಕೊನೆಗೆ ಅತ್ತೆ ದಾರಿಯೊಂದನ್ನು ಹುಡುಕಿದರು. ಬೋರ್ಡು ಅದೇ ಇರಲಿ, ಮದುವೆಯ ಖರ್ಚಿನ ಮೇಲೆ ಹೊಸ ಪ್ರೊಸೆಸರ್ ಕೊಳ್ಳಲು ರೊಕ್ಕವಿಲ್ಲ, ಬೋರ್ಡಿಗೆ ಕೂಡುವ ಹಳೆಯದೊಂದಿದ್ದರೆ ರಾಜಮಹ್ಮದರ ಅಂಗಡಿಯಿಂದ ಕೈಗಡ ತಾ ಎಂದು ಪ್ರವೀಣನನ್ನು ಕಳಿಸಿದರು. ಯಂತ್ರ ಸಿದ್ಧವಾದ ಮೇಲೆ, ಕಾಕಾನ ಡಬ್ಬಿಗೆ ಕುಂಕುಮ ಹಚ್ಚಿ, ಗಾಜಿನ ಕ್ಯಾಬಿನೆಟ್ಟಿನೊಳಗೆ ಎಲ್ಲರಿಗೂ ಕಾಣುವ ಹಾಗೆ ತಾವೇ ನಿಲ್ಲಿಸಿದರು. ಒಳಗಿನ ಕೆಂಪು ನೀಲಿ ಬೆಳಕು ಅದರ ಮೇಲೆ ಬೀಳುತ್ತಿತ್ತು. ನಮ್ಮ ದೇವರಮನೆಯಲ್ಲೂ ಅಷ್ಟು ದೀಪ ಇರಲಿಲ್ಲ. ಕೆಲಸ ಮಾಡುವ ಪ್ರೊಸೆಸರ್ ಫ್ಯಾನಿನ ಕೆಳಗೆ ಅಡಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಕಾಕಾ ಬಂದರೆ ತಮ್ಮದು ಎದ್ದು ಕಾಣುತ್ತದೆ, ಮತ್ತೇನು ಬೇಕು ಎಂಬುದು ಅತ್ತೆಯ ವಾದ. ಮೊದಲ ಸಲ ಆ ಯಂತ್ರ ಗುಂಯ್ ಎಂದಾಗ ಶಿವಗಂಗಾ ನನ್ನ ಕರೆಂಟಿನ ಪೆಟ್ಟಿಗೆಯ ಕಡೆ ಕೈ ತೋರಿಸಿ, ಅಕ್ಕಾ ಎಲ್ಲ ಓಡಿಸೋದು ಇದೇ ಎಂದು ನಕ್ಕಳು. ಆವತ್ತಿನಿಂದ ನನಗೆ ಅವಳ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಆದರೆ ಹಳೆಯ ಪ್ರೊಸೆಸರ್ ಒಂದು ದುಡಿಮೆಗೆ ಸರಿ, ಎರಡಕ್ಕೆ ಸೋಲುತ್ತಿತ್ತು. ಬರೀ ಆಟವಾದರೆ ಲಾರಿ ಚೆನ್ನಾಗಿ ಓಡುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳು ನನ್ನನ್ನೂ ಕೂರಿಸಿ ಕಲಿಸಿದಳು, ನಾನು ಒಂದು ಲಾರಿ ತುಂಬ ಟೊಮ್ಯಾಟೊ ಹಿಮದ ಗುಂಡಿಗೆ ಕೆಡವಿದೆ. ಲೈವ್ ಬಿಟ್ಟ ಕೂಡಲೇ ಮಾತ್ರ ಎಲ್ಲ ತಡವರಿಸುತ್ತಿತ್ತು. ಅವಳ ಮಾತು ಮುಂದೆ, ಲಾರಿ ಹಿಂದೆ. ಇವಳು ಬ್ರೇಕು ಹಾಕಿದೆ ಎಂದ ಎಷ್ಟೋ ಹೊತ್ತಿನ ಮೇಲೆ ನೋಡುವವರ ಫೋನಿನಲ್ಲಿ ಬ್ರೇಕು ಬೀಳುತ್ತಿತ್ತು. ಮೊದಲು ಜನ ತಮಾಷೆ ಮಾಡಿದರು, ಆಮೇಲೆ ಬೈದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಕಂಪನಿಯವರು ಕೊಟ್ಟ ಮೂರು ತಿಂಗಳಲ್ಲಿ ಅರ್ಧ ಹಾಗೇ ಕಳೆಯಿತು. ಶಿವಗಂಗಾ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ರೊಟ್ಟಿ ಬಡಿಯುವಾಗಲೂ ಹಾಡುತ್ತಿದ್ದ ಹುಡುಗಿ ಹಾಗೆ ಬಾಯಿ ಕಟ್ಟಿಕೊಂಡು ಓಡಾಡುವುದನ್ನು ನೋಡಲು ನನಗೆ ಆಗಲಿಲ್ಲ. ನನ್ನನ್ನೇ ಒಂಬತ್ತು ವರ್ಷ ಹಿಂದೆ ಹೋಗಿ ನೋಡಿದ ಹಾಗಿತ್ತು.

ಅಂಥ ಒಂದು ದಿನ ಕಾಕಾ ಬಂದರು. ಕೂಡಲಸಂಗಮಕ್ಕೆ ಹೋಗಿ ಐಕ್ಯಮಂಟಪದ ದರ್ಶನ ಮುಗಿಸಿ, ಕಾರಿನಲ್ಲಿ ಹಾಗೇ ನಮ್ಮ ಕಡೆ ತಿರುಗಿದ್ದರು. ಅತ್ತೆ ಮಂಡಕ್ಕಿಯ ಸೂಸಲ, ಮಿರ್ಚಿ ಮಾಡಿಸಿದರು. ಕಾಕಾ ಗಾಜಿನ ಪೆಟ್ಟಿಗೆಯಲ್ಲಿ ಬೆಳಗುತ್ತಿದ್ದ ತಮ್ಮ ಡಬ್ಬಿಯನ್ನು ದೂರದಿಂದಲೇ ನೋಡಿ ಖುಷಿಪಟ್ಟರು. ಸೂಸಲ ತಿನ್ನುತ್ತ, ಏನೋ ಓಡಿಸುತ್ತಾಳಂತಲ್ಲ, ತೋರಿಸು ಎಂದು ಶಿವಗಂಗಾಗೆ ಹೇಳಿದರು. ಅವಳು ಕೂತಳು. ಲೈವ್ ಬಿಟ್ಟಳು. ಲಾರಿ ಎರಡು ಹೆಜ್ಜೆ ಹೋಗಿ ನಿಂತಿತು, ಮತ್ತೆ ಜಿಗಿಯಿತು, ಮತ್ತೆ ನಿಂತಿತು.

"ಇಷ್ಟ ದೊಡ್ಡದ ಕೊಟ್ರೂ ಹಿಂಗ ಯಾಕ ಕುಂಟ್ತೈತಿ?" ಎಂದು ಕಾಕಾ ಕೇಳಿದರು.

ಅವರು ಕನ್ನಡಕ ಏರಿಸಿಕೊಂಡು ಎದ್ದು ಬಂದು, ಗಾಜಿಗೆ ಮುಖ ಹತ್ತಿಸಿ ನೋಡಿದರು. ಹತ್ತಾರು ವರ್ಷ ಚೀಲಗಳ ನಡುವೆ ಬದುಕಿದ ಮನುಷ್ಯ, ಬಾಯಿ ಬಿಚ್ಚದ ಚೀಲ ಗೊತ್ತಾಗದೆ ಇರುತ್ತದೆಯೆ? ಡಬ್ಬಿಯ ಸೀಲು ಹಾಗೇ ಇತ್ತು.

"ನಂದು ಇಲ್ಲಿ ನಿಂತೈತಿ. ಮತ್ತ ಒಳಗ ದುಡಿಯಾಕತ್ತಿದ್ದು ಯಾರದು?"

ಹೊಸದು ಜೋಪಾನವಾಗಿರಲಿ ಎಂದು ಹಳೆಯದನ್ನು ಹಾಕಿದ್ದೇವೆ ಎಂದು ಅತ್ತೆ ಏನೋ ಹೇಳಲು ಹೋದರು. ಕಾಕಾ ಕೈ ಎತ್ತಿದರು. ಅತ್ತೆಯ ಮುಖ ಬಾಡಿತು. ನಾನೂ ಒಂದು ಸುಳ್ಳನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ, ಅದರಲ್ಲಿ ನನಗೆ ರೂಢಿಯಿದೆ. ಅಷ್ಟರಲ್ಲಿ ಶಿವಗಂಗಾ ಕುರ್ಚಿಯಿಂದ ಎದ್ದು ನಿಂತಳು.

"ನೀವು ಕೊಟ್ಟಿದ್ದು ಭಾಳ ಚೊಲೊ ಐತ್ರಿ ಕಾಕಾರ. ಆದ್ರ ಇದರಾಗ ಕೂಡೂದಿಲ್ರಿ. ತರೂ ಮುಂದ ನನ್ನ ಒಂದ ಮಾತ ಕೇಳಿದ್ರ ಹೇಳ್ತಿದ್ನಿರಿ."

ಅಷ್ಟೇ ಹೇಳಿದಳು. ಅಳಲಿಲ್ಲ, ಕೈಮುಗಿಯಲಿಲ್ಲ, ಸಿಟ್ಟೂ ಮಾಡಲಿಲ್ಲ. ಈ ಮನೆಯಲ್ಲಿ ಕಾಕಾನ ಎದುರು ಯಾರೂ ಹಾಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಹೆದರಿಕೆಯಾಯಿತು, ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಇಷ್ಟು ಸಣ್ಣ ಮಾತು ನನ್ನ ಬಾಯಿಗೆ ಯಾಕೆ ಬಂದಿರಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಜನ ನನ್ನನ್ನು ಬಾಯಿ ಜೋರು ಎನ್ನುತ್ತಾರೆ. ಅದೆಲ್ಲ ಅಡುಗೆಮನೆಯ ಜೋರು.

ಕಾಕಾ ಹೋಗಿ ಕೂತರು. ಚಹಾ ತಣ್ಣಗಾಗುವವರೆಗೂ ಕುಡಿಯಲಿಲ್ಲ. ಮದುವೆಯಲ್ಲಿ ಎರಡು ಸಲ ಕೂಗಿಸಿದ ಹೆಸರು ಅವರ ತಲೆಯಲ್ಲಿ ಓಡುತ್ತಿತ್ತೆಂದು ತೋರುತ್ತದೆ. ಆಮೇಲೆ ಅತ್ತೆಯ ಕಡೆ ತಿರುಗಿದರು.

"ವೈನಿ, ಆಯೇರಿ ನೀವು ತಿರಗಿ ಕೊಡಾಕ ಬರೂದಿಲ್ಲ, ಖರೆ. ಕೊಟ್ಟಾಂವ ನಾನ ಬದಲಿ ಮಾಡಾಕ ಬರ್ತೈತೋ ಇಲ್ಲೋ?"

ನಮ್ಮ ಬಳಗದಲ್ಲಿ ಕೊಟ್ಟವರು ಹಾಗೆ ಕೇಳಿದ್ದು ಇದುವರೆಗೆ ಆಗಿಯೇ ಇರಲಿಲ್ಲ.

"ಸಾವಿರ ಮಂದಿ ಮುಂದ ನನ್ನ ಹೆಸರ ಕೂಗ್ಯಾರ. ಈ ಮಷೀನ ನಿಂತ್ರ ನನ್ನ ಹೆಸರ ನಿಂತಂಗ. ಲೈವ್ ನಡೀಬೇಕು," ಎಂದರು ಕಾಕಾ. ಆಮೇಲೆ ಶಿವಗಂಗಾಳತ್ತ ನೋಡಿ, "ಈಗ ಕೇಳ್ತೇನಿ. ನಿನಗ ಬೇಕಾದ್ದು ಯಾವುದು, ಹೇಳು ತಂಗಿ," ಎಂದರು.

ಅವಳು ಮದುವೆಗೆ ಮೊದಲು ಕಳಿಸಿದ ಅದೇ ಹೆಸರನ್ನು ಹೇಳಿದಳು. ಕಾಕಾ ತಮ್ಮ ಮೊಬೈಲು ತೆಗೆದು ಆ ಹಳೆಯ ಸಂದೇಶ ಹುಡುಕಿ, ತಾವು ಸರಿ ಎಂದು ಉತ್ತರ ಕೊಟ್ಟಿದ್ದನ್ನು ತಾವೇ ಓದಿಕೊಂಡರು. ಮುಖ ಸ್ವಲ್ಪ ಕೆಂಪಾಯಿತು.

ಅವರ ಕಾರಿನಲ್ಲೇ ಬಾಗಲಕೋಟೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಶಿವಗಂಗಾ, ನಾನು, ನಡುವೆ ಕೂಸಿನ ಹಾಗೆ ಆ ಗಾಜಿನ ಕ್ಯಾಬಿನೆಟ್ಟು. ರಾಜಮಹ್ಮದರು ಡಬ್ಬಿಯ ಸೀಲು ನೋಡಿ, ಬೇರೆ ಅಂಗಡಿಯ ಮಾಲಾದರೂ ಇಂಥದ್ದಕ್ಕೆ ಗಿರಾಕಿ ಇದ್ದಾರೆ, ನಾನೇ ಇಟ್ಟುಕೊಳ್ಳುತ್ತೇನೆ ಎಂದರು. ಆದರೆ ಬೆಲೆಯಲ್ಲಿ ಕಾಕಾ ಬಿಡುವವರೆ? ಕಡಲೆ ಮಾರುವ ಹಾಗೆಯೇ ಹಗ್ಗ ಜಗ್ಗಿದರು, ಸಂತೆಯ ದಲಾಲರಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದೊಂದು ಬಾಕಿ. ರಾಜಮಹ್ಮದರು ನಕ್ಕು ಸೋತರು. ಆಮೇಲೆ ಹಳೆಯದನ್ನು ತೆಗೆದು ಹೊಸ ಪ್ರೊಸೆಸರನ್ನು ಬೋರ್ಡಿನ ಮೇಲೆ ಇಟ್ಟರು. ಒತ್ತಲೂ ಇಲ್ಲ, ಅದು ತಾನಾಗಿ ತನ್ನ ಜಾಗದಲ್ಲಿ ಕೂತಿತು. ಕಾಕಾ ಬಗ್ಗಿ ನೋಡಿ ಹೂಂ ಎಂದರು.

ಅಂಗಡಿಯ ಮೇಜಿನ ಮೇಲೆಯೇ ಶಿವಗಂಗಾ ಲೈವ್ ಬಿಟ್ಟಳು. ಲಾರಿ ಹಿಮದ ಮೇಲೆ ಬೆಣ್ಣೆಯಂತೆ ಜಾರಿತು. ಎದುರಿಗೆ ಬಸ್ಸು ಬಂತು, ಅವಳು ಎಷ್ಟೋ ದಿನಗಳ ಮೇಲೆ ಮನಸಾರೆ ಬೈದಳು, ಬ್ರೇಕು ಆ ಮಾತಿನ ಜೊತೆಗೇ ಬಿತ್ತು. ಪರದೆಯ ಬದಿಯಲ್ಲಿ ನೋಡುವವರ ಹೆಸರುಗಳು ಒಂದೊಂದಾಗಿ ಮರಳಿ ಬರತೊಡಗಿದವು. ದುಬೈಯ ಒಬ್ಬ ಹುಡುಗ, ಅಕ್ಕನ ಲಾರಿಗೆ ಹೊಸ ಎಂಜಿನ್ ಬಂತು ಎಂದು ಬರೆದಿದ್ದ. ಕಾಕಾ ಅದನ್ನು ಗಟ್ಟಿಯಾಗಿ ಓದಿಸಿಕೊಂಡರು. ನನಗೆ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ.

ಕಾಕಾನ ದೊಡ್ಡ ಪ್ರೊಸೆಸರಿಗಿಂತ ಇದು ಅಗ್ಗ. ರಾಜಮಹ್ಮದರು ಉಳಿದ ರೊಕ್ಕವನ್ನು ಮುಂದೆ ಹಿಡಿದರು. ಕಾಕಾ ಕೈ ಹಿಂದೆ ತೆಗೆದರು. ಆಯೇರಿಗೆಂದು ತೆಗೆದ ರೊಕ್ಕ ಮತ್ತೆ ತಮ್ಮ ಕಿಸೆಗೆ ಹೋಗಬಾರದು ಎಂಬುದು ಅವರ ನಿಯಮ. ಶಿವಗಂಗಾಗೆ ಕೊಡಿ ಎಂದರೆ, ಅವಳು ತನಗೆ ಬೇಕಾದ್ದು ಬಂತು, ಸಾಕು ಎಂದಳು. ಆಗ ಕಾಕಾನ ಕಣ್ಣು ಅಂಗಡಿಯಲ್ಲೆಲ್ಲ ಸುತ್ತಿ, ಕ್ಯಾಬಿನೆಟ್ಟಿನ ಹಗ್ಗ ಸುತ್ತುತ್ತಿದ್ದ ನನ್ನ ಮೇಲೆ ನಿಂತಿತು.

"ಭುವನೇಶ್ವರಿ, ನಿನ್ನ ಮದುವ್ಯಾಗ ನಾ ಏನ್ ಕೊಟ್ಟಿದ್ದೆ?"

ಗಿಳಿಹಸಿರು ಸೀರೆ ಎಂದೆ. ಅದು ಗುಡೂರಿನ ಮೇಲೆ ಹಾಯ್ದು ತಿರುಗಿ ನನ್ನ ಟ್ರಂಕಿಗೇ ಬಂದು ಕೂತಿರುವುದನ್ನು ಹೇಳಲಿಲ್ಲ.

"ಅದನ್ನೂ ಕೇಳದನ ತಂದಿದ್ದೆ. ಈಗ ಕೇಳ್ತೇನಿ. ಇಲ್ಲಿ ಏನರ ನೋಡು, ನಿನಗ ಏನ್ ಬೇಕು?"

ನಾನು ನೋಡಿದೆ. ಗೋಡೆ ತುಂಬ ಹೆಡ್‌ಫೋನು, ಕೀಬೋರ್ಡು, ಮೊಬೈಲಿನ ಚಂದ ಚಂದದ ಕವರುಗಳು. ಒಂದನ್ನು ತೋರಿಸಿದರೆ ಎಲ್ಲರಿಗೂ ಸಮಾಧಾನವಾಗಿ ಮನೆಗೆ ಹೋಗಬಹುದಿತ್ತು. ಶಿವಗಂಗಾ ಲೈವ್ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಏನು ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟು ದೂರದಿಂದ ಬರಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಗ್ಗವನ್ನು ಕೆಳಗಿಟ್ಟೆ.

"ನನಗ ಬೇಕಾದ್ದು ಈ ಅಂಗಡ್ಯಾಗ ಇಲ್ರಿ ಕಾಕಾರ. ನಾ ಬಿ.ಎಡ್. ಮಾಡಬೇಕ್ರಿ."

ರಾಜಮಹ್ಮದರು ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.

"ನೋಡಿ..." ಎಂದು ಶುರು ಮಾಡಿ, ಅಲ್ಲಿಗೇ ನಿಂತರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರು ಮೇಜಿನ ಮೇಲಿದ್ದ ಆ ರೊಕ್ಕವನ್ನು ಮಡಚಿ ನನ್ನ ಕೈಯಲ್ಲಿಟ್ಟರು.

"ಅರ್ಜಿ ಯಾವಾಗ ಕರೀತಾರ?" ಎಂದು ಕೇಳಿದರು.